ತಡವಾಗಿ ಬಂದ ಬೆರಳು

ಹೆಂಗಸರ ಮೈಮೇಲಿನ ಮಚ್ಚೆ ನೋಡಬೇಕಾದರೆ ಬೆಳಕೂ ಬೇಕು, ಮರೆಯೂ ಬೇಕು. ಹಳ್ಳಿಮನೆಗಳಲ್ಲಿ ಎರಡೂ ಒಂದೇ ಕಡೆ ಸಿಗುವುದಿಲ್ಲ. ಮರೆ ಇರುವಲ್ಲಿ ಕತ್ತಲು, ಬೆಳಕಿರುವಲ್ಲಿ ಬೀದಿಯ ಜನ. ಅದಕ್ಕೆ ನಾನು ಒಂದು ಹಳೆಯ ದುಪ್ಪಟಿ ಹೊತ್ತು ತಿರುಗುತ್ತಿದ್ದೆ. ಹಿತ್ತಲಲ್ಲಿ ಗೋಡೆಯ ಮೊಳೆಯಿಂದ ದನದ ಗೂಟಕ್ಕೆ ಅದನ್ನು ಎಳೆದು ಕಟ್ಟಿದರೆ ಆಯಿತು. ಮೇಲಿಂದ ಬಿಸಿಲು, ಎದುರಿಗೆ ಮರೆ. ಈ ಉಪಾಯ ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ. ಮುಂದೆ ಆದ ತಪ್ಪೂ ಈ ದುಪ್ಪಟಿಯ ಹಿಂದೆಯೇ ಆಯಿತು. ಅದೂ ನನ್ನದೇ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಊರು ಅಜ್ಜಂಪುರ, ಓದು ಮೂರನೇ ಕ್ಲಾಸು. ಕಡೂರು ಸೀಮೆಯ ಒಂದು ಹಳ್ಳಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ಕೆಲಸ ಕಾಯಂ ಆಗಿರಲಿಲ್ಲ. ಕುಷ್ಠ ಯಾರಿಗಿದೆ ಎಂದು ಮನೆಮನೆಗೆ ಹೋಗಿ ನೋಡುವ ಸರ್ವೆ ಆಗ ನಡೆಯುತ್ತಿತ್ತು. ನಮ್ಮ ಜನ ಆ ಹೆಸರು ಹೇಳದೆ ‘ದೊಡ್ಡ ರೋಗ’ ಅನ್ನುತ್ತಿದ್ದರು. ಸರ್ವೆಗೆ ಬಂದವರು ಗಂಡಸು. ಯಾವ ಹೆಂಗಸು ಅವರ ಮುಂದೆ ಬೆನ್ನು ತೋರಿಸುತ್ತಾಳೆ? ಹಾಗಾಗಿ ನನ್ನನ್ನು ಜೊತೆಗೆ ಹಾಕಿದರು.

ಪರೀಕ್ಷೆ ಸುಲಭ. ಕಣ್ಣು ಮುಚ್ಚಿಸುವುದು. ಹತ್ತಿಯ ಎಳೆಯಿಂದ ಮಚ್ಚೆಯನ್ನು ಮೆಲ್ಲಗೆ ಮುಟ್ಟುವುದು. ಮುಟ್ಟಿದ ಜಾಗವನ್ನು ಅವರು ಬೆರಳಿಟ್ಟು ತೋರಿಸಬೇಕು. ತೋರಿಸಿದರೆ ‘ಇದೆ’, ತೋರಿಸದಿದ್ದರೆ ‘ಇಲ್ಲ’. ದೊಡ್ಡ ರೋಗದ ಮಚ್ಚೆಗೆ ಸ್ಪರ್ಶ ಇರುವುದಿಲ್ಲ, ತೊನ್ನಿಗೆ ಇರುತ್ತದೆ. ದುಪ್ಪಟಿಯ ಒಳಗೆ ನಾನು ಮುಟ್ಟಿ ಇದೆ, ಇಲ್ಲ ಎಂದು ಕೂಗಬೇಕು. ಹೊರಗೆ ಗೋಡೆ ಕಡೆ ಮುಖ ಮಾಡಿ ನಿಂತ ಸರ್ವೆಯವರು ಬರೆದುಕೊಳ್ಳಬೇಕು. ನನಗೆ ಕಾಣುವುದು ಅವರಿಗೆ ಕಾಣದು, ಅವರಿಗೆ ತಿಳಿದದ್ದು ನನಗೆ ತಿಳಿಯದು. ಆದರೂ ಕೆಲಸ ಸಾಗುತ್ತಿತ್ತು.

ಎಮ್ಮೆದೊಡ್ಡಿ ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ಒಂದು ಹಳ್ಳಿಗೆ ಹೋದದ್ದು ಸುಡುಬಿಸಿಲಿನ ಕಾಲದಲ್ಲಿ. ಆ ಮನೆಯಲ್ಲಿ ಅತ್ತೆ, ಮಗ, ಸೊಸೆ, ಮೂರು ವರ್ಷದ ಒಂದು ಹೆಣ್ಣು ಕೂಸು. ಮಗ ಕಾವಲಿನಲ್ಲಿ ದನ ಕಾಯುವವನು. ಸೊಸೆಗೆ ಇಪ್ಪತ್ತೈದು ಇದ್ದೀತು. ನಾವೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರೆ ಅವಳು ಕಂಬಳಿ ಹೊದ್ದು ಜಗುಲಿಯ ಮೂಲೆಯಲ್ಲಿ ಕೂತಿದ್ದಳು. ಮುಖ ಊದಿತ್ತು, ಹುಬ್ಬಿನ ತುದಿ ಉದುರಿತ್ತು. ಎರಡೂ ಕೈಯ ಬೆರಳಿನ ಗೆಣ್ಣು, ತುಟಿಯ ಅಂಚು, ಮೊಣಕಾಲು, ಬೆನ್ನು, ಎಲ್ಲ ಕಡೆ ಸುಣ್ಣ ಬಳಿದಂಥ ಬಿಳಿ ಮಚ್ಚೆ.

“ಮಲಗಿದ್ರೆ ಏಳಲ್ಲ, ಎದ್ರೆ ಅಲ್ಲಾಡಲ್ಲ. ಎಮ್ಮೆ ಕರಿಯೋಕೆ ಕೂತ್ರೆ ಎಮ್ಮೇನೇ ಬೇಜಾರಾಗಿ ಎದ್ದೋಗ್ತದೆ,” ಅಂದಳು ಅತ್ತೆ.

ನಾನು ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಇನ್ನೂ ಏಳೆಂಟು ಹೆಂಗಸರು ಸಾಲಾಗಿ ಕಾಯುತ್ತಿದ್ದರು, ಕೂಸುಗಳು ಅಳುತ್ತಿದ್ದವು. ಕಣ್ಣು ಮುಚ್ಚಿಸಿ ಬೆನ್ನಿನ ಮಚ್ಚೆ ಮುಟ್ಟಿದೆ. ಬೆರಳು ಬರಲಿಲ್ಲ. “ಇಲ್ಲ” ಎಂದು ಕೂಗಿದೆ. ಸೊಂಟದ ಹತ್ತಿರ ಮುಟ್ಟಿದೆ. ಅವಳ ಕೈ ಬೆನ್ನಿನ ಕಡೆ ಹೋಯಿತು. ತಪ್ಪು ಜಾಗ. “ಇಲ್ಲ.” ಮೊಣಕಾಲು ಮುಟ್ಟಿದರೆ ಸೊಂಟ ತೋರಿಸಿದಳು. “ಇಲ್ಲ.”

ಹೊರಗೆ ಸರ್ವೆಯವರ ಪೆನ್ನು ಓಡುತ್ತಿತ್ತು. ನನ್ನ ಮೂರು ‘ಇಲ್ಲ’ ಅವರಿಗಷ್ಟೇ ಅಲ್ಲ, ಅತ್ತೆಗೂ ಕೇಳಿಸಿತು. ಕಾಯುತ್ತಿದ್ದ ಹೆಂಗಸರಿಗೂ ಕೇಳಿಸಿತು.

ಸೀರೆ ಸರಿಮಾಡಿಸಿ ಹೊರಗೆ ತಂದಾಗ ಸರ್ವೆಯವರು ಅವಳ ಮುಖ ನೋಡಿದರು, ಕಿವಿ ಹಿಡಿದು ನೋಡಿದರು. ದೊಡ್ಡ ರೋಗದಲ್ಲಿ ದಪ್ಪವಾಗುವ ಮೊಣಕೈಯ ನರ ಒತ್ತಿ ನೋಡಿ, “ದಪ್ಪ ಆದ ಹಾಗಿಲ್ಲ” ಅಂದರು. ಕಿವಿಯ ತುದಿಯನ್ನು ಬ್ಲೇಡಿನಿಂದ ಚೂರೇ ಗೀರಿ, ಬಂದ ರಸವನ್ನು ಗಾಜಿನ ಮೇಲೆ ಸವರಿಕೊಂಡರು.

ದಾರಿಯಲ್ಲಿ ನಾನು ಅಂದೆ, “ಸಾರ್, ನೀವೇ ಹೇಳಿಕೊಟ್ಟಿದ್ರಲ್ಲ, ದೊಡ್ಡ ರೋಗದ ಮಚ್ಚೆ ಮಾಸಿದ ಬಿಳಿ ಅಂತ. ಇದು ಸುಣ್ಣದ ಬಿಳಿ. ತೊನ್ನಲ್ವಾ?”

“ತೊನ್ನೇ ಇರ್ಬೋದು ಆಯಮ್ಮ. ಆದ್ರೆ ತೊನ್ನಿದ್ದೋರಿಗೆ ಕುಷ್ಠ ಬರಬಾರ್ದು ಅಂತ ಎಲ್ಲಿದೆ? ಮುಖ ಊದಿದೆ, ಹುಬ್ಬು ಉದುರಿದೆ. ಸ್ಪರ್ಶ ಇಲ್ಲ ಅಂತ ನೀವೇ ಮೂರು ಸಲ ಅಂದ್ರಿ.”

ಅಂದದ್ದು ನಿಜ.

ರೋಗಿಗಳ ಪಟ್ಟಿ ತಿಂಗಳ ಕೊನೆಗೆ ಮೇಲಕ್ಕೆ ಹೋಗುತ್ತಿತ್ತು. ಒಮ್ಮೆ ಹೆಸರು ಸೇರಿದರೆ ತಿಂಗಳು ತಿಂಗಳೂ ಗುಳಿಗೆ ಹಿಡಿದು ಮನೆ ಬಾಗಿಲಿಗೆ ಸಿಬ್ಬಂದಿ ಬರುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ. ವಾಸಿಯಾಗುವ ರೋಗ ಎಂದು ನಾವು ಎಷ್ಟು ಹೇಳಿದರೂ ಯಾರೂ ನಂಬುತ್ತಿರಲಿಲ್ಲ.

ಒಂದು ವಾರದ ಮೇಲೆ ಗಾಜಿನ ಮೇಲಿನ ಪರೀಕ್ಷೆಯ ಫಲ ಬಂತು. ರೋಗಾಣು ಕಂಡಿರಲಿಲ್ಲ. ಕಾಣಲಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತ ಅಲ್ಲ, ಪಟ್ಟಿಗೆ ಸೇರಿಸಲೇಬೇಕು ಅಂದರು ಸರ್ವೆಯವರು. ಕೆಟ್ಟ ಮನುಷ್ಯರಲ್ಲ ಅವರು. ಇದ್ದ ರೋಗವನ್ನು ಬಿಟ್ಟುಬಿಟ್ಟರೆ ಕೈಕಾಲು ಸೊಟ್ಟಗಾಗುತ್ತದೆ ಎಂಬ ಭಯ ಅವರಿಗೆ. ಇನ್ನೊಂದು ಸಲ ರಸ ತೆಗೆಯಬೇಕು, ಅವಳಿಗೆ ಹೇಳಿ ಬನ್ನಿ ಎಂದು ನನ್ನನ್ನು ಕಳಿಸಿದರು.

ಹೋಗಿ ನೋಡುತ್ತೇನೆ, ಸೊಸೆಯ ಚಾಪೆ ಕೊಟ್ಟಿಗೆಗೆ ಬಂದಿದೆ. ತಟ್ಟೆ ಲೋಟ ಬೇರೆ. ಕೂಸು ಒಳಗೆ ಅಜ್ಜಿಯ ಸೆರಗು ಜಗ್ಗಿ ಅಳುತ್ತಿದೆ.

“ಕೂಸಿನ್ನ ಯಾಕವ್ವ ಅಮ್ಮನ ಹತ್ರ ಬಿಡ್ತಿಲ್ಲ?” ಅಂತ ಕೇಳಿದೆ.

“ನೀನೇ ಕೂಗಿದ್ಯಲ್ಲ ಊರಿಗೆಲ್ಲ ಕೇಳೋ ಹಂಗೆ! ಮೊಮ್ಮಗಳಿಗೂ ಹತ್ತಿಸ್ಲಾ? ನಿಮ್ ಪಟ್ಟಿ ಹೋದ ದಿನ ಇವಳ್ನ ಹಿರೇನಲ್ಲೂರಿಗೆ, ಅವಳ ಅಣ್ಣನ ಮನೆಗೆ ಬಿಟ್ಟು ಬರ್ತಾನೆ ನನ್ ಮಗ. ಕೂಸು ಇಲ್ಲೇ ಇರ್ತದೆ.”

ಮಗ ಬಾಗಿಲಲ್ಲಿ ನಿಂತಿದ್ದ. ನೆಲ ನೋಡುತ್ತಿದ್ದ.

ನಾನು ಕೊಟ್ಟಿಗೆಗೆ ಹೋಗಿ ಅವಳ ಪಕ್ಕ ಕೂತೆ. ಆವತ್ತು ಆತುರವಿರಲಿಲ್ಲ, ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು.

“ಊಟ ಮಾಡಿದ್ಯೇನೇ?” ಅಂದೆ. ಮಾತಿಲ್ಲ. ಬೇಜಾರಲ್ಲಿದ್ದಾಳೆ ಅಂದುಕೊಂಡು ಬೇರೆ ಕೇಳಿದೆ. “ಅಣ್ಣಂಗೆ ಎಷ್ಟು ಜನ ಮಕ್ಳು?”

“ಮಾಡಿದೆ ಕಣಕ್ಕ,” ಅಂದಳು. ದನಿ ಗಂಡಸಿನದರಂತೆ ಒಡೆದಿತ್ತು.

“ಏನು ಮಾಡಿದೆ?”

“ಮೂರು ಜನ.”

ನಗು ಬಂತು ನನಗೆ. ಆಮೇಲೆ ನಗು ನಿಂತಿತು. ಅವಳು ತಪ್ಪು ಉತ್ತರ ಹೇಳುತ್ತಿರಲಿಲ್ಲ. ಸರಿಯಾದ ಉತ್ತರವನ್ನೇ ಹೇಳುತ್ತಿದ್ದಳು, ಒಂದು ಪ್ರಶ್ನೆ ತಡವಾಗಿ. ಹಿತ್ತಲಿನ ಪರೀಕ್ಷೆ ಕಣ್ಣಿಗೆ ಕಟ್ಟಿತು. ಸೊಂಟ ಮುಟ್ಟಿದಾಗ ಬೆನ್ನು ತೋರಿಸಿದ್ದಳು, ಮೊಣಕಾಲು ಮುಟ್ಟಿದಾಗ ಸೊಂಟ.

ಸೆರಗಿನ ಗಂಟಿನಲ್ಲಿ ಹತ್ತಿ ಇತ್ತು. ಎಳೆ ತೆಗೆದೆ. “ಕಣ್ಣು ಮುಚ್ಚೇ” ಅಂದೆ. ಮೊಣಕಾಲಿನ ಮಚ್ಚೆ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡು ಮನಸ್ಸಿನಲ್ಲೇ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಅವಳ ಬೆರಳು ಮೆಲ್ಲಗೆ ಎದ್ದು, ಕಂಬಳಿಯೊಳಗಿಂದ ಹೊರಬಂದು, ನಾನು ಮುಟ್ಟಿದ ಜಾಗದ ಮೇಲೆ ಕೂತಿತು. ಬೆನ್ನು ಮುಟ್ಟಿ ಕಾದೆ. ಬಂತು. ಕೈ, ಸೊಂಟ, ಕಾಲಿನ ಹಿಂಭಾಗ. ಎಲ್ಲ ಕಡೆ ಬಂತು. ಒಂದೂ ತಪ್ಪಲಿಲ್ಲ.

ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ಹೇಳಿದರೆ ತಪ್ಪು ನನ್ನ ತಲೆಗೆ ಬರುತ್ತದೆ. ಕಾಯಂ ಆಗದ ಕೆಲಸ, ಮನೆಯಲ್ಲಿ ಓದುವ ಮಕ್ಕಳು. ಮೂರನೇ ಕ್ಲಾಸಿನವಳನ್ನು ಇಂಥ ಕೆಲಸಕ್ಕೆ ಹಾಕಿದ್ದೇ ತಪ್ಪು ಎಂದು ಯಾರಾದರೂ ಬರೆದುಬಿಟ್ಟರೆ ಮುಗಿಯಿತು. ಸುಮ್ಮನಿದ್ದರೆ? ಅವಳು ಅಣ್ಣನ ಮನೆಯ ಜಗುಲಿಯಲ್ಲಿ ಬಿದ್ದಿರುತ್ತಾಳೆ, ಕೂಸು ಇಲ್ಲಿ. ಬೀರೂರು ಬರುವ ಹೊತ್ತಿಗೆ ತೀರ್ಮಾನ ಆಗಿತ್ತು. ಇದರಲ್ಲಿ ದೊಡ್ಡತನ ಏನೂ ಇಲ್ಲ. ಕೂಗಿದವಳು ನಾನು, ವಾಪಸ್ಸು ತೆಗೆದುಕೊಳ್ಳಬೇಕಾದವಳೂ ನಾನೇ.

ಮಾರನೆಯ ದಿನ ಸರ್ವೆಯವರಿಗೆ ಹೇಳಿದೆ. “ಸಾರ್, ಮೂರು ‘ಇಲ್ಲ’ ಸುಳ್ಳು. ನಾನು ಕಾಯಲಿಲ್ಲ.”

ಅವರ ಮುಖ ಕೆಂಪಾಯಿತು. “ಆಯಮ್ಮ, ಅವಳ ಹೆಸರಿಗೆ ಕಾರ್ಡು ಬರೆದಾಗಿದೆ. ಆವತ್ತು ಇಲ್ಲ, ಇವತ್ತು ಇದೆ ಅಂದ್ರೆ ಯಾರು ನಂಬ್ತಾರೆ? ಮುಟ್ಟಿದ್ರೆ ನಾಲ್ಕು ಎಣಿಸೋವರ್ಗೂ ಯಾಕೆ ಸುಮ್ನಿರ್ತಾರೆ?”

“ನಂಗೇನು ಗೊತ್ತು? ನೀವು ಓದಿರೋರು, ನೀವು ಹೇಳಿ. ಅವಳ ಕೈಯಲ್ಲೂ ಮಚ್ಚೆ ಇದೆ. ಕೈ ನೋಡೋಕೆ ದುಪ್ಪಟಿ ಬೇಡ. ಬಂದು ನೀವೇ ಮುಟ್ಟಿ, ನೀವೇ ಎಣಿಸಿ.”

ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಸೈಕಲ್ಲಿನಲ್ಲಿ ತಾವಾಗಿಯೇ ಹೋಗಿ ಬಂದರು. ಬಂದವರು ನನ್ನ ಮುಂದೆ ಕೂತು, “ನಾಲ್ಕಲ್ಲ, ಒಂದೊಂದ್ಸಲ ಐದು,” ಅಂದರು. ಕಾರ್ಡನ್ನು ಪಟ್ಟಿಯಿಂದ ಆಚೆ ತೆಗೆದು ಇಟ್ಟರು. “ಇದು ನನಗೆ ತಿಳಿಯದ ಕಾಯಿಲೆ. ತರೀಕೆರೆಯಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ, ದೊಡ್ಡ ಆಸ್ಪತ್ರೆಯಲ್ಲಿದ್ದು ಬಂದೋರು. ತಿಂಗಳ ಕೊನೆಗೆ ಇನ್ನೂ ಹತ್ತು ದಿನ ಇದೆ. ಅಷ್ಟರೊಳಗೆ ಅವರು ಬೇರೆ ಏನಾದ್ರೂ ಬರೆದುಕೊಟ್ರೆ ಸರಿ. ಇಲ್ಲದಿದ್ರೆ ನಾನು ಸೇರಿಸ್ಬೇಕಾಗ್ತದೆ.”

ರಜೆ ಹಾಕಿ ನಾನೇ ಕರೆದುಕೊಂಡು ಹೋದೆ. ಅವಳ ಗಂಡನೂ ಬಂದ. ಮೊದಲ ಸಲ ಹೋದಾಗ ಡಾಕ್ಟರಮ್ಮ ಊರಲ್ಲಿರಲಿಲ್ಲ. ಬಂದ ದಾರಿಗೆ ಸುಂಕವಿಲ್ಲದ ಹಾಗೆ ವಾಪಸ್ಸಾದೆವು. ಬಸ್ಸು ಹತ್ತುವಾಗ ಸೊಸೆ ಮೆಟ್ಟಿಲ ಮೇಲೆ ಕಾಲು ಎತ್ತಿ ಇಡುವಷ್ಟರಲ್ಲಿ ಕಂಡಕ್ಟರು, “ಏನವ್ವ, ಮುಹೂರ್ತ ನೋಡ್ತಿದ್ದೀಯಾ?” ಅಂದ. ಗಂಡ ಅವನ ಮೇಲೆ ರೇಗಿದ. ಹೆಂಡತಿಯ ಪರವಾಗಿ ಅವನು ಬಾಯಿಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಎರಡನೆಯ ಸಲ ಡಾಕ್ಟರಮ್ಮ ಸಿಕ್ಕರು. ನಾನು ಎಲ್ಲ ಹೇಳಿದೆ, ಹತ್ತಿ, ಎಣಿಕೆ, ನನ್ನ ತಪ್ಪು. ಅವರು ಮಚ್ಚೆಗಳನ್ನು ಒಂದು ಸಲ ನೋಡಿ “ತೊನ್ನು” ಅಂದು ಬಿಟ್ಟರು. ಆಮೇಲೆ ಮಚ್ಚೆಯ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕತ್ತು ನೋಡಿದರು. ಒಂದು ಲೋಟ ನೀರು ಕೊಟ್ಟು, “ಬಾಯಲ್ಲಿ ಇಟ್ಕೊ. ನಾನು ಹೇಳಿದಾಗ ನುಂಗು” ಅಂದರು. ನುಂಗಿದಾಗ ಗಂಟಲ ಕೆಳಗೆ ನಿಂಬೆಹಣ್ಣಿನಷ್ಟು ಒಂದು ಉಬ್ಬು ಮೇಲಕ್ಕೆ ಹೋಗಿ ಕೆಳಕ್ಕೆ ಬಂತು. ನಾನು ಅಷ್ಟು ಸಲ ಅವಳ ಮೈ ನೋಡಿದ್ದೇನೆ, ಅದು ಕಂಡಿರಲಿಲ್ಲ. ಮಚ್ಚೆ ಹುಡುಕುವವಳಿಗೆ ಮಚ್ಚೆಯೇ ಕಾಣುವುದು.

ಆಮೇಲೆ ಅವಳನ್ನು ಕುರ್ಚಿಯ ಮೇಲೆ ಮೊಣಕಾಲೂರಿ, ಪಾದ ಹೊರಗೆ ಬಿಟ್ಟು ನಿಲ್ಲಿಸಿದರು. ರಬ್ಬರು ಸುತ್ತಿಗೆಯಿಂದ ಹಿಮ್ಮಡಿಯ ಮೇಲಿನ ನರವನ್ನು ಟಕ್ ಎಂದು ಹೊಡೆದರು. ಪಾದ ಹಿಂದಕ್ಕೆ ಕುಣಿಯಿತು. ವಾಪಸ್ಸು ಬರುವಾಗ ಮಾತ್ರ ನಿದ್ದೆಗಣ್ಣಿನಲ್ಲಿ ಬರುವ ಹಾಗೆ, ಮೆಲ್ಲಗೆ ಬಂತು. ನನ್ನನ್ನೂ ಅದೇ ಕುರ್ಚಿಗೆ ಹತ್ತಿಸಿ ಹೊಡೆದು ತೋರಿಸಿದರು. ನನ್ನ ಪಾದ ಹೋದಷ್ಟೇ ಬೇಗ ಬಂತು.

“ನೀವು ಎಣಿಸಿದ್ದು ಇದನ್ನೇ,” ಅಂದರು. “ಇವಳ ಮೈಯಲ್ಲಿ ಎಲ್ಲವೂ ನಿಧಾನ ಆಗಿದೆ. ಕತ್ತಿನಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ. ಅದರ ರಸ ಕಡಿಮೆ ಆದ್ರೆ ಚಳಿ, ಊತ, ಮರೆವು, ದನಿ ಒಡೆಯೋದು. ಹುಬ್ಬಿನ ತುದೀನೂ ಉದುರ್ತದೆ.”

“ತೊನ್ನಿಗೂ ಇದಕ್ಕೂ ಏನ್ ಸಂಬಂಧ ಡಾಕ್ಟ್ರಮ್ಮ?” ಗಂಡ ಕೇಳಿದ.

“ಎರಡೂ ಅಕ್ಕತಂಗೀರು ಕಣಪ್ಪ. ರೋಗದಿಂದ ಕಾಪಾಡೋಕೆ ಅಂತ ಮೈಯೊಳಗೆ ಒಂದು ಪಡೆ ಇರ್ತದೆ. ಕೆಲವರಲ್ಲಿ ಅದು ದಾರಿ ತಪ್ಪಿ, ಸ್ವಂತ ಮೈಯನ್ನೇ ಹೊರಗಿನದು ಅಂದ್ಕೊಂಡು ಮೇಲೆ ಬೀಳ್ತದೆ. ಚರ್ಮದ ಬಣ್ಣದ ಮೇಲೆ ಬಿದ್ರೆ ತೊನ್ನು. ಈ ಗ್ರಂಥಿ ಮೇಲೆ ಬಿದ್ರೆ ಇದು. ಒಂದು ಇದ್ದೋರಲ್ಲಿ ಇನ್ನೊಂದು ಇದೆಯಾ ಅಂತ ನೋಡ್ಬೇಕು.”

ಅವನು ಅಂದ, “ಅಂದ್ರೆ ಕಾವಲುಗಾರ ನಮ್ ದನಾನೇ ಕಳ್ಳದನ ಅಂತ ಹೊಡೆದು ಅಟ್ಟಿದಂಗೆ.”

ಡಾಕ್ಟರಮ್ಮ ನಕ್ಕರು. “ನಾನು ಇಷ್ಟು ಚೆನ್ನಾಗಿ ಹೇಳೋಕಾಗ್ತಿರ್ಲಿಲ್ಲ.”

“ಇದು ಅಂಟ್ತದಾ?”

“ಎರಡೂ ಅಂಟಲ್ಲ. ಕೂಸಿನ್ನ ಪಕ್ಕದಲ್ಲೇ ಮಲಗಿಸ್ಕೊಳ್ಳಲಿ.”

ಡಾಕ್ಟರಮ್ಮ ಚೀಟಿ ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕುವ ಹೊತ್ತಿಗೆ ಆ ಮಾತಿಗೆ ಸೊಸೆಯ ಕಣ್ಣಿನಲ್ಲಿ ನೀರು ಬಂತು. ಅದೂ ತಡವಾಗಿಯೇ.

ರಕ್ತ ತೆಗೆದು, ಥರ್ಮಾಸಿನಲ್ಲಿ ಐಸು ಹಾಕಿ, ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಕಳಿಸಿದರು. ಫಲ ಬರಲು ವಾರಗಳೇ ಬೇಕು, ಆದರೆ ತನಗೆ ಅನುಮಾನವಿಲ್ಲ ಎಂದು ಸರ್ವೆಯವರಿಗೆ ಕಾಗದ ಕೊಟ್ಟರು. ಸಣ್ಣ ಗುಳಿಗೆ ಶುರು ಮಾಡಿದರು. ಬೆಳಿಗ್ಗೆ ಎದ್ದ ಕೂಡಲೆ ಬರಿಹೊಟ್ಟೆಯಲ್ಲಿ. ಮೊದಲು ಅರ್ಧ, ಆಮೇಲೆ ಮೆಲ್ಲಗೆ ಹೆಚ್ಚಿಸುವುದು. ಬಹುಶಃ ಜೀವಮಾನವಿಡೀ. ಕಾಗದ ನೋಡಿ ಸರ್ವೆಯವರು ಕಾರ್ಡಿನ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದರು. “ಪರೀಕ್ಷೆಯಲ್ಲಿ ತಪ್ಪು” ಎಂದು ಬರೆದರು. ಯಾರ ತಪ್ಪು ಎಂದು ಬರೆಯಲಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಎರಡು ತಿಂಗಳು ಬಿಟ್ಟು ಹೋದರೆ ಗುಳಿಗೆ ನಿಂತಿದೆ, ಚಾಪೆ ಇನ್ನೂ ಕೊಟ್ಟಿಗೆಯಲ್ಲೇ ಇದೆ.

“ತೊನ್ನು ಒಂದು ಕಾಳಷ್ಟಾದ್ರೂ ಕಮ್ಮಿ ಆಯ್ತಾ ನೋಡು,” ಅಂದಳು ಅತ್ತೆ. “ಮುಂಚೆ ಎಷ್ಟಿತ್ತೋ ಅಷ್ಟೇ ಇದೆ. ಗುಣ ಆಗದ ಗುಳಿಗೆ ಯಾಕೆ? ಒಲೆಗೆ ಹಾಕ್ದೆ.”

“ಗುಳಿಗೆ ತೊನ್ನಿಗಲ್ಲವ್ವ, ಕತ್ತಿಗೆ. ತೊನ್ನು ಹೋಗಲ್ಲ. ಹೋಗದಿದ್ರೆ ಏನಾಯ್ತು? ನಿನ್ ಎಮ್ಮೆ ಹಣೇಲೂ ಬಿಳಿ ಇದೆ. ಅದರ ಹಾಲು ಕುಡಿಯಲ್ವಾ ನೀನು?”

“ಎಮ್ಮೇಗೂ ಸೊಸೇಗೂ ಒಂದೇ ಮಾಡ್ತೀಯಲ್ಲೇ!”

“ನೀನು ಎಮ್ಮೇಗಿಂತ ಕಡೆ ಮಾಡಿ ಎಮ್ಮೆ ಪಕ್ಕ ಮಲಗ್ಸಿದ್ದೀಯ. ಆವತ್ತು ‘ಇಲ್ಲ’ ಅಂತ ಕೂಗಿದವಳು ನಾನು, ತಪ್ಪು ನನ್ನದು. ಈಗ ಇದೇ ಹಿತ್ತಲಲ್ಲಿ ನಿಂತು ಊರಿಗೆ ಕೇಳೋ ಹಂಗೆ ‘ಇದೆ’ ಅಂತ ಕೂಗ್ತೀನಿ, ಕೂಗ್ಲಾ?”

ಕೂಗಿಯೇಬಿಟ್ಟೆ. ಅಕ್ಕಪಕ್ಕದ ಹೆಂಗಸರು ಬೇಲಿಯ ಮೇಲಿಂದ ಇಣುಕಿದರು. ನನ್ನ ಕೂಗಿಗಿಂತ ಅವಳ ಗಂಡ ಸಂಜೆ ಬಂದು ತಾಯಿಗೆ ಹೇಳಿದ ಕಾವಲುಗಾರನ ಕಥೆ ಹೆಚ್ಚು ಕೆಲಸ ಮಾಡಿತು ಎಂದು ಕಾಣುತ್ತದೆ. ಅಷ್ಟರಲ್ಲಿ ರಕ್ತದ ಫಲವೂ ಬಂದಿತ್ತು, ಡಾಕ್ಟರಮ್ಮ ಹೇಳಿದ್ದೇ ಸರಿ. ಗುಳಿಗೆ ಮತ್ತೆ ಶುರುವಾಯಿತು. ಈ ಸಲ ಡಬ್ಬಿ ಗಂಡನ ಜೇಬಿನಲ್ಲಿತ್ತು. ಬೆಳಿಗ್ಗೆ ಕಾವಲಿಗೆ ಹೊರಡುವ ಮುಂಚೆ ತಾನೇ ನುಂಗಿಸಿ ಹೋಗುತ್ತಿದ್ದ.

ಆ ಮೇಲೆ ಸರ್ವೆಯಲ್ಲಿ ತೊನ್ನಿನವರು ಸಿಕ್ಕರೆ ನಾನು ಎರಡು ಕೆಲಸ ಹೆಚ್ಚಿಗೆ ಮಾಡುತ್ತಿದ್ದೆ. ಚಳಿ ಜಾಸ್ತಿ ಆಗುತ್ತದೆಯೇ ಎಂದು ಕೇಳುವುದು, ನೀರು ನುಂಗಿಸಿ ಕತ್ತು ನೋಡುವುದು. ಹೆಚ್ಚಿನವರಿಗೆ ಏನೂ ಇರುತ್ತಿರಲಿಲ್ಲ. ಅನುಮಾನ ಬಂದ ಒಬ್ಬಿಬ್ಬರನ್ನು ತರೀಕೆರೆಗೆ ಕಳಿಸಿದೆ. ಮುಟ್ಟಿದ ಮೇಲೆ ಎಣಿಸುವುದನ್ನಂತೂ ಬಿಡಲಿಲ್ಲ, ಸಾಲಿನಲ್ಲಿ ಎಷ್ಟು ಜನ ಕಾಯುತ್ತಿದ್ದರೂ. ಸರ್ವೆಯವರು ಆಚೆಯಿಂದ “ಏನಾಯ್ತು ಆಯಮ್ಮ?” ಅಂದರೆ, “ಎಣಿಸ್ತಿದ್ದೀನಿ ಸಾರ್” ಅನ್ನುತ್ತಿದ್ದೆ. ಅವರು ಪೆನ್ನು ಹಿಡಿದು ಕಾಯುತ್ತಿದ್ದರು.

ಚಳಿಗಾಲ ಕಳೆದು ಮತ್ತೆ ಆ ಹಳ್ಳಿಗೆ ಹೋದೆ. ಮನೆಯ ಮುಂದೆ ಕೂತು ರಾಗಿ ಕೇರುತ್ತಿದ್ದವಳು ಯಾರೆಂದು ಗುರುತು ಸಿಗಲಿಲ್ಲ. ಊತ ಇಳಿದು ಮುಖದ ಮೂಳೆ ಕಾಣುತ್ತಿತ್ತು, ಹುಬ್ಬು ಬರುತ್ತಿತ್ತು. ಕಂಬಳಿ ಇರಲಿಲ್ಲ. ತೊನ್ನು ಮಾತ್ರ ಹಾಗೇ ಇತ್ತು, ತುಟಿಯ ಅಂಚಿನಲ್ಲಿ ಸ್ವಲ್ಪ ಹೆಚ್ಚೇ ಆಗಿತ್ತು. ಕೂಸು ಅವಳ ಬೆನ್ನಿಗೆ ಜೋತುಬಿದ್ದಿತ್ತು. ಕೊಟ್ಟಿಗೆಯಲ್ಲಿ ಚಾಪೆ ಇರಲಿಲ್ಲ, ನೋಡಿದೆ. ಅತ್ತೆ ನನ್ನನ್ನು ಕಂಡು ಮುಖ ತಿರುಗಿಸಿದಳು, ಆದರೂ ಮಜ್ಜಿಗೆ ತಂದುಕೊಟ್ಟಳು.

“ಕಣ್ಣು ಮುಚ್ಚೇ,” ಅಂದೆ.

ಹತ್ತಿಯ ಎಳೆಯಿಂದ ಗೆಣ್ಣಿನ ಮಚ್ಚೆ ಮುಟ್ಟಿದೆ. ಒಂದು ಎಂದು ಎಣಿಸುವ ಮೊದಲೇ ಬೆರಳು ಬಂತು. ಮೊಣಕಾಲು ಮುಟ್ಟಿದೆ, ಬಂತು. ಅಭ್ಯಾಸ ಬಲದಿಂದ ನಾನು ಕೈ ಹಿಂದಕ್ಕೆ ತೆಗೆದು ಕಾಯುತ್ತಾ ಕೂತಿದ್ದೆ.

ಅವಳು ಕಣ್ಣು ಬಿಟ್ಟಳು. “ಬೇಗ ಬೇಗ ಮುಟ್ಟಕ್ಕ. ಎಮ್ಮೆ ಕರಿಯೋ ಹೊತ್ತಾಯ್ತು.”